ಯೂನಿಸ್ ಕೇಳಿದ ಸೊನಾಟಾ

ನಮ್ಮ ಊರಿನಲ್ಲಿ ಯಾರೂ ಒಂದು ಹಾಡನ್ನು ಕೊನೆಯವರೆಗೆ ಹಾಡುವುದಿಲ್ಲ. ತೊಟ್ಟಿಲು ತೂಗುವ ತಾಯಂದಿರು ಕಡೆಯ ಸಾಲನ್ನು ಬಾಯೊಳಗೇ ಉಳಿಸಿಕೊಳ್ಳುತ್ತಾರೆ. ಶಾಲೆಯ ಮಕ್ಕಳು ಪ್ರಾರ್ಥನೆಯ ಕೊನೆಯ ಶಬ್ದ ಬಂದಾಗ ಬಾಯಿ ಮುಚ್ಚಿ ಕೈ ಮುಗಿಯುತ್ತಾರೆ. ಮದುವೆಗೆ ಬಂದ ಶಹನಾಯಿಯವರು ಅಕ್ಷತೆ ಬೀಳುವ ಹೊತ್ತಿಗೆ ಎಲ್ಲಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಚರ್ಚಿನಲ್ಲಿ ಆಮೆನ್ ಎನ್ನುವುದನ್ನು ಪಾದ್ರಿಗಳು ಮಾತಿನಲ್ಲಿ ಹೇಳುತ್ತಾರೆ, ರಾಗದಲ್ಲಲ್ಲ.

ಮೊದಲಿಂದ ಕಡೆಯವರೆಗೆ ಕೂತಲ್ಲಿಂದ ಏಳದೆ ನುಡಿಸಿದ ಸಂಗೀತ ನುಡಿಸಿದವರ ಬಳಿ ಉಳಿಯುವುದಿಲ್ಲ. ಕೈಯಿಂದಲೂ ಹೋಗುತ್ತದೆ, ಕಿವಿಯಿಂದಲೂ ಹೋಗುತ್ತದೆ. ಮತ್ತೆ ಕಲಿಯಹೋದರೆ ಬೆರಳು ಹಿಡಿಯುವುದಿಲ್ಲ. ಕೇಳಿದವರಿಗೆ ಮಾತ್ರ ಉಳಿಯುತ್ತದೆ. ಅದಕ್ಕೇ ನಮ್ಮವರು ಅದನ್ನು ‘ಕೊಡುವುದು’ ಎನ್ನುತ್ತಾರೆ. ಇಂಥವಳು ಮಗಳ ಮದುವೆಯಲ್ಲಿ ಒಂದು ಹಾಡು ಕೊಟ್ಟಳಂತೆ ಎಂಬ ಮಾತು ನಮ್ಮಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ನಡುವೆ ಉಸಿರು ತೆಗೆದುಕೊಂಡರೆ, ಹಾಳೆ ತಿರುವಿದರೆ ಅದು ಮುರಿದಂತಲ್ಲ. ಕೂತಲ್ಲಿಂದ ಎದ್ದರೆ ಮಾತ್ರ ಮುರಿದಂತೆ. ಆದ್ದರಿಂದ ಕಲಿಯುವವರು ಸ್ವಲ್ಪ ನುಡಿಸುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ನನ್ನ ಹೆಸರು ತಬಿಥಾ. ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಸಣ್ಣವಳಿದ್ದಾಗ, ಕನ್ಯಾಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಲಿಡಿಯಾಬಾಯಿಯವರ ಮನೆಗೆ ಹೋಗಿ ಪಿಯಾನೋ ಕಲಿತಿದ್ದೆ. ಬಾಯಾರು ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಯಾವ ಕಾಲದಲ್ಲೋ ಮಿಷನ್ನಿನವರು ಬಿಟ್ಟುಹೋದ ಪಿಯಾನೋ ಅದು. ಇರುವೆ ಏರದಂತೆ ಅದರ ಕಾಲುಗಳ ಕೆಳಗೆ ನೀರು ತುಂಬಿದ ತಗಡಿನ ಬಟ್ಟಲುಗಳಿದ್ದವು. ಬೆರಳಿನಿಂದ ಒತ್ತುವ ಬಿಳಿ ಪಟ್ಟಿಗಳಲ್ಲಿ ಎರಡರ ಮೇಲಿನ ದಂತ ಕಿತ್ತುಹೋಗಿ ಕಟ್ಟಿಗೆ ಕಾಣುತ್ತಿತ್ತು. ಹಾರ್ಮೋನಿಯಂ ರಿಪೇರಿ ಮಾಡುವವನೇ ವರ್ಷಕ್ಕೊಮ್ಮೆ ಬಂದು ಅದರ ಶ್ರುತಿ ಕೂಡಿಸುತ್ತಿದ್ದ. ಮದುವೆಯಾದ ಮೇಲೂ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಕೀರ್ತನೆಗಳನ್ನು, ಸಣ್ಣಪುಟ್ಟ ನೃತ್ಯದ ತುಣುಕುಗಳನ್ನು ನುಡಿಸಿ ಬರುತ್ತಿದ್ದೆ.

ನನಗೆ ಮೂವತ್ತಾರು ತುಂಬಿದ ವರ್ಷ ಬಾಯಾರು ಒಂದು ಮಧ್ಯಾಹ್ನ ಟ್ರಂಕಿನಿಂದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಅವರಿಗೆ ಆಗ ಎಪ್ಪತ್ತೆಂಟು. ಪುಸ್ತಕದ ಹೆಸರಿನ ಹಾಳೆ ಹರಿದುಹೋಗಿ ಬರೆದವನ ಹೆಸರೇ ಇರಲಿಲ್ಲ. ನೂರೈವತ್ತು ವರ್ಷ ಹಿಂದೆ ಚಳಿದೇಶದ ಒಬ್ಬ ತರುಣ ಬರೆದದ್ದು ಎಂದಷ್ಟೇ ಬಾಯಾರಿಗೆ ಗೊತ್ತಿತ್ತು. ಪಿಯಾನೋಗೆಂದೇ ಬರೆದ ಒಂದೇ ಉದ್ದನೆಯ ಸಂಗೀತ, ನಾಲ್ಕು ಭಾಗ, ನಲವತ್ತಾರು ಪುಟ. ಊರಿನಲ್ಲಿ ಅದನ್ನು ದೊಡ್ಡ ಸೊನಾಟಾ ಎನ್ನುತ್ತಿದ್ದರು. ಹೆಸರು ಕೇಳಿದವರಿದ್ದರು, ಸೊನಾಟಾ ಕೇಳಿದವರು ಯಾರೂ ಇರಲಿಲ್ಲ.

“ಇದನ್ನ ಕಲೀತಿಯೇನು?” ಎಂದು ಕೇಳಿದರು. “ಮೂರು ವರ್ಷ ಹಿಡೀತದ. ನಡುವ ಬಿಡೂದಿದ್ರ ಈಗ ಹೇಳಿಬಿಡು.”

ಯಾರಿಗೆ ಕೊಡಲು ಎಂದು ನಾನು ಕೇಳಿದೆ. ಅವರು ಮೊದಲ ಪುಟ ತೆರೆದು ಎಡಗೈಯ ಸಾಲಿನ ಮೇಲೆ ಬೆರಳಿಟ್ಟರು.

ಸ್ವರಗಳ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯಲಾರೆ. ಕಲಿತ ಬಗೆಯನ್ನು ಬರೆಯಬಲ್ಲೆ. ನನ್ನ ಅಂಗೈ ಸಣ್ಣದು. ಹೆಬ್ಬೆರಳಿನಿಂದ ಕಿರುಬೆರಳಿಗೆ ಎಂಟು ಪಟ್ಟಿ ಕಷ್ಟಪಟ್ಟು ಮುಟ್ಟುತ್ತದೆ. ಬರೆದವನ ಕೈ ದೊಡ್ಡದಿದ್ದಿರಬೇಕು, ಹತ್ತು ಪಟ್ಟಿಯಾಚೆಯ ಸ್ವರಗಳನ್ನು ಒಟ್ಟಿಗೆ ಒತ್ತು ಎನ್ನುತ್ತಾನೆ. ಕೆಳಗಿನದನ್ನು ಮೊದಲು ಮುಟ್ಟಿ, ಕಾಲಡಿಯ ಪೆಡಲಿನಲ್ಲಿ ಅದನ್ನು ಹಿಡಿದಿಟ್ಟು, ಮೇಲಿನದಕ್ಕೆ ಮಣಿಕಟ್ಟನ್ನು ಉರುಳಿಸುವುದನ್ನು ಕಲಿಯಲು ಮೊದಲ ಮಳೆಗಾಲ ಪೂರ್ತಿ ಹೋಯಿತು. ಇನ್ನೊಂದು ಕಡೆ ಬಲಗೈಯ ಕಿರುಬೆರಳೊಂದೇ ರಾಗ ನಡೆಸಬೇಕು, ಅದೇ ಕೈಯ ಉಳಿದ ಬೆರಳುಗಳು ಕೆಳಗೆ ಮೆಲ್ಲಗೆ ಓಡುತ್ತಿರಬೇಕು. ನಾನು ಎಲ್ಲವನ್ನೂ ಒಂದೇ ಜೋರಿನಲ್ಲಿ ಒತ್ತುತ್ತಿದ್ದೆ. “ಕಿರುಬಳ್ಳು ಹಾಡಬೇಕು, ಉಳಿದ ನಾಕೂ ಆಕಿ ಹಾಡೂದನ್ನ ಕೇಳಬೇಕು” ಎಂದರು ಬಾಯಾರು. ಆ ಮಾತು ತಲೆಗೆ ಹತ್ತಿತು, ಕೈಗೆ ಹತ್ತಲು ಎಂಟು ತಿಂಗಳು ಬೇಕಾಯಿತು.

ಮೂರನೆಯ ಭಾಗದಲ್ಲಿ ಎಡಗೈ ಎರಡು ಹೆಜ್ಜೆ ಇಡುವಷ್ಟರಲ್ಲಿ ಬಲಗೈ ಮೂರು ಹೆಜ್ಜೆ ಇಡಬೇಕಿತ್ತು. ಅದನ್ನು ನಾನು ಅಂಗಡಿಯಲ್ಲಿ ಕಲಿತೆ. ಮಷೀನಿನ ಪಾವಟಿಗೆಯನ್ನು ಎರಡರ ಲೆಕ್ಕದಲ್ಲಿ ತುಳಿಯುತ್ತ, ಬಟ್ಟೆ ಹಿಡಿದ ಕೈಯ ಬೆರಳಲ್ಲಿ ಮೂರರ ಲೆಕ್ಕ ಹಾಕುತ್ತಿದ್ದೆ. ಆ ತಿಂಗಳು ಹೊಲಿದ ರವಿಕೆಗಳ ತೋಳಿನ ಹೊಲಿಗೆ ಹಾವಿನಂತೆ ಹೋಯಿತು. ದವಾಖಾನೆಯ ನರ್ಸಮ್ಮ ತನ್ನ ರವಿಕೆಯನ್ನು ಮೇಜಿನ ಮೇಲೆ ಹಾಸಿ, ಇದೇನಿದು ತಬಿಥಾ, ಕಣ್ಣು ತೋರಿಸಿಕೊ ಎಂದು ಹೇಳಿಹೋದಳು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವ ನನ್ನ ಗಂಡ ಸ್ತೇಫನ, ನಾನು ಊಟದ ತಾಟಿನ ಅಂಚಿನ ಮೇಲೂ ಬೆರಳಾಡಿಸುವುದನ್ನು ನೋಡಿ ತಾನೇ ಅನ್ನ ಬಡಿಸಿಕೊಳ್ಳುತ್ತಿದ್ದ.

ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿದ್ದವು. ಯಾವ ಸ್ವರಕ್ಕೆ ಯಾವ ಬೆರಳು ಎಂಬ ಅಂಕಿಗಳು, ಅಲ್ಲಲ್ಲಿ ಸಣ್ಣ ದುಂಡಕ್ಷರದ ಮಾತುಗಳು. ‘ಇಲ್ಲಿ ಅವಸರ ಬೇಡ.’ ‘ಮಣಿಕಟ್ಟು ಸಡಿಲ.’ ಒಂದು ಕಡೆ ‘ಇವತ್ತು ಬಂತು’ ಎಂದಷ್ಟೇ ಇತ್ತು. ಬಾಯಾರ ಈಗಿನ ನಡುಗುವ ಅಕ್ಷರ ಅದಲ್ಲ. ಆದರೂ ಅವರದೇ ಎಂದು ತಿಳಿಯುತ್ತಿತ್ತು. ಅವರು ಎಂದೂ ನುಡಿಸಿ ತೋರಿಸುತ್ತಿರಲಿಲ್ಲ. ಬಾಯಲ್ಲಿ ಹೇಳುತ್ತಿದ್ದರು, ಇಲ್ಲವೆ ನನ್ನ ಬೆನ್ನ ಮೇಲೆ ಬೆರಳಿನಿಂದ ತಟ್ಟಿ ಲೆಕ್ಕ ಹಿಡಿಯುತ್ತಿದ್ದರು. ಸಂಧಿವಾತದ ಕೈ, ಅದಕ್ಕೇ ಎಂದುಕೊಂಡಿದ್ದೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ, ಕಡೆಯ ಭಾಗದ ಒಂದು ಜಿಗಿತ ಎಷ್ಟು ಸಲ ಮಾಡಿದರೂ ಬರಲೊಲ್ಲದಾಯಿತು. ಎಡಗೈ ಕತ್ತಲಲ್ಲಿ ಮೆಟ್ಟಿಲು ಇಳಿದಂತೆ ಎಲ್ಲೋ ಹೋಗಿ ಬೀಳುತ್ತಿತ್ತು. ನನಗೆ ಅಳು ಬಂತು. ಒಂದೇ ಒಂದು ಸಾಲು ನೀವು ನುಡಿಸಿ ತೋರಿಸಿರಿ, ನಿಧಾನವಾದರೂ ಪರವಾಗಿಲ್ಲ ಎಂದು ಹಟ ಹಿಡಿದೆ. ಬಾಯಾರು ನನ್ನನ್ನು ಎಬ್ಬಿಸಿ ತಾವು ಕೂತರು. ಎರಡೂ ಕೈಗಳನ್ನು ಪಟ್ಟಿಗಳ ಮೇಲಿಟ್ಟರು. ಕೈಗಳು ಅಲ್ಲೇ ಕೂತವು. ಬೇರೆ ಯಾರದೋ ಕೈಗಳನ್ನು ತಂದು ಅಲ್ಲಿ ಇಟ್ಟ ಹಾಗಿತ್ತು.

“ನನ್ನ ಕಡೆ ಇಲ್ಲ ಇದು,” ಎಂದರು. “ಕೊಟ್ಟುಬಿಟ್ಟೀನಿ.”

ಆಮೇಲೆ ಹೇಳಿದರು. ಅವರಿಗೆ ಯೂನಿಸ್ ಎಂಬ ತಂಗಿಯಿದ್ದಳು. ಕ್ಷಯವಾಗಿ ಎರಡು ವರ್ಷ ಇದೇ ಕೋಣೆಯಲ್ಲಿ, ಈ ಕಿಟಕಿಯ ಕೆಳಗೆ ಮಲಗಿದ್ದಳು. ಆ ಎರಡು ವರ್ಷವೂ ಬಾಯಾರು ಅವಳ ಕಿವಿಗೆ ಬೀಳುವಂತೆ ಸೊನಾಟಾವನ್ನು ತುಂಡು ತುಂಡಾಗಿ ಕಲಿತರು. ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದ ಮೇಲೆ ಒಂದು ಸಂಜೆ ಪೂರ್ತಿ ನುಡಿಸಿದರು. ಯೂನಿಸ್‌ಗೆ ಇಪ್ಪತ್ತೇಳು ವರ್ಷ. ಮುಂದಿನ ವಾರ ಹೋದಳು.

“ಆಕಿ ಮುಖ ನೆನಪದ. ದಿಂಬಿಗೆ ಒರಗಿ ಕೂತಿದ್ದಳು. ನಾ ಏನು ನುಡಿಸಿದೆ ಅನ್ನೂದು ಗೊತ್ತಿಲ್ಲ. ಪುಸ್ತಕ ಓದಬಲ್ಲೆ, ಇದು ಇಂಥಾ ಸ್ವರ ಅಂತ ಹೇಳಬಲ್ಲೆ. ಆದ್ರ ದನಿ ಬರೂದಿಲ್ಲ. ಆಕಿಗೆ ನಾ ಏನು ಕೊಟ್ಟೆ ಅನ್ನೂದನ್ನ ಸಾಯೂದರಾಗ ಒಮ್ಮೆ ಕೇಳಬೇಕು, ತಬಿಥಾ.”

ಮೂರು ವರ್ಷದಿಂದ ಕೇಳುತ್ತಲೇ ಇದ್ದೀರಲ್ಲ ಎಂದೆ. ಅವರು ನನ್ನ ಕುತ್ತಿಗೆಯಲ್ಲಿ ಜೋತುಬಿದ್ದಿದ್ದ ಅಳತೆಯ ಟೇಪನ್ನು ನೋಡಿದರು. “ನೀ ಕತ್ತರಿಸಿಟ್ಟ ತೋಳು, ಕಾಲರು, ಬೆನ್ನಿನ ತುಂಡು ನೋಡಿದ್ರ ಅಂಗಿ ನೋಡಿದಂಗ ಆಗತದೇನು?” ಎಂದರು. ಮರುದಿನ ಆ ಜಿಗಿತ ಬಂತು. ಯಾಕೆ ಬಂತೋ ಗೊತ್ತಿಲ್ಲ.

ಆ ಹೊತ್ತಿಗೆ ಊರಿನ ಸಭಾಭವನದ ಕೆಲಸ ಮುಗಿಯುತ್ತ ಬಂದಿತ್ತು. ಏಳು ವರ್ಷದ ಹಿಂದೆ ಗಾಳಿಗೆ ಅದರ ಛಾವಣಿ ಹಾರಿಹೋಗಿತ್ತು. ನಿವೃತ್ತ ಸ್ಟೇಶನ್ ಮಾಸ್ತರು ರಾಚೋಟೆಪ್ಪನವರು ಮನೆಮನೆಗೆ ಹೋಗಿ ಒಬ್ಬರ ಹತ್ತಿರ ತೊಲೆ, ಇನ್ನೊಬ್ಬರ ಹತ್ತಿರ ಹಂಚು ಬೇಡಿ ತಂದು ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದರು. ಅವರು ಒಂದು ದಿನ ಅಂಗಡಿಗೆ ಬಂದು, ಬಾಗಿಲು ತೆರೆಯುವ ದಿನ ದೊಡ್ಡ ಸೊನಾಟಾವನ್ನು ಊರಿಗೆ ಕೊಡುತ್ತೀರಾ ಎಂದು ಕೇಳಿದರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಊರಿನಲ್ಲಿ ಯಾರು ಏನು ಕೊಟ್ಟರೂ ಕೊನೆಯ ಹೊತ್ತಿಗೆ ಸರಿಯಾಗಿ ಒಂದು ಗಾಡಿ ಬಂದು ತಾವು ಎದ್ದು ಓಡಬೇಕಾಗುತ್ತಿತ್ತಂತೆ. ಪೂರ್ತಿಯಾದ ಒಂದೂ ಸಂಗೀತವನ್ನು ಅವರು ಕೇಳಿರಲಿಲ್ಲ. ಅದನ್ನು ಅವರು ನಗುತ್ತ ಹೇಳಿದರೂ ಕಣ್ಣು ನಗುತ್ತಿರಲಿಲ್ಲ.

ಬಾಯಾರನ್ನು ಕೇಳಿದೆ. ಕುರ್ಚಿಯಲ್ಲಿ ಎತ್ತಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದರೆ ಸಾಕು ಎಂದರು. ನಾನು ಒಪ್ಪಿಕೊಂಡೆ. ದೀಪಾವಳಿಯ ಮೇಲಿನ ಎರಡನೆಯ ರವಿವಾರ ಎಂದು ಗೊತ್ತಾಯಿತು. ಸುತ್ತಲಿನ ಹಳ್ಳಿಗಳಿಗೂ ಸುದ್ದಿ ಹೋಯಿತು. ಕೊನೆಯ ಎರಡು ತಿಂಗಳು ನಾನು ಹೊಸ ಬಟ್ಟೆ ಹಿಡಿಯಲಿಲ್ಲ. ಪ್ರತಿ ಭಾಗ ಮುಗಿದ ಮೇಲೆ ಏಳುವುದು, ಕಿಟಕಿಯವರೆಗೆ ಹೋಗಿ ಬರುವುದು, ಮತ್ತೆ ಕೂರುವುದು. ಆ ಏಳುವುದನ್ನೂ ಕಾಲು ತಾನೇ ಕಲಿತುಬಿಟ್ಟಿತ್ತು.

ರವಿವಾರಕ್ಕೆ ಹನ್ನೊಂದು ದಿನವಿದ್ದಾಗ ಬಾಯಾರಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು. ಮಾತು ಉಳಿದಿತ್ತು, ಆದರೆ ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದಿ ತರುವಂತೆ ತರುತ್ತಿದ್ದರು. ಡಾಕ್ಟರು ಬಂದು ನೋಡಿ, ಕದಲಿಸಬಾರದು ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ನನ್ನನ್ನು ಅಂಗಳಕ್ಕೆ ಕರೆದೊಯ್ದು, ವಾರ ದಾಟಿದರೆ ದೊಡ್ಡದು ಎಂದರು. ಮಂಚವನ್ನು ಕಿಟಕಿಯ ಕೆಳಗೆ ಹಾಕಿದೆವು. ನಾನು ಅಂಗಡಿ ಮುಚ್ಚಿ ಅಲ್ಲೇ ಉಳಿದೆ. ಅವರಿಗೆ ಗಂಜಿ ಕುಡಿಸಿ, ಮೈ ಒರೆಸಿ, ಮಧ್ಯಾಹ್ನ ಎಂದಿನಂತೆ ಅಭ್ಯಾಸಕ್ಕೆ ಕೂರುತ್ತಿದ್ದೆ. ಒಂದು ಭಾಗ, ಏಳುವುದು. ಇನ್ನೊಂದು ಭಾಗ, ಏಳುವುದು. ಬಾಯಾರು ಸೂರು ನೋಡುತ್ತ ಕೇಳುತ್ತಿದ್ದರು.

ಮೂರನೆಯ ದಿನ ಅವರೇ ಮಾತು ತೆಗೆದರು. ಊರಿಗೆ ಮಾತು ಕೊಟ್ಟಿದ್ದಿ, ಸಭಾಭವನಕ್ಕೆ ಇಟ್ಟುಕೊ, ನನ್ನದು ಆದಷ್ಟು ಆಯಿತು ಎಂಬರ್ಥದಲ್ಲಿ ಏನೋ ಹೇಳಿದರು. ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನನಗೆ ಕೊಡು ಎಂದು ಅವರು ಒಂದು ಸಲವೂ ಕೇಳಲಿಲ್ಲ.

ಬಟ್ಟೆ ಬದಲಿಸಲು ಮನೆಗೆ ಹೋದಾಗ ಸ್ತೇಫನನಿಗೆ ಎಲ್ಲವನ್ನೂ ಹೇಳಿದೆ. ಮೂರು ವರ್ಷ ಕಲಿತದ್ದು ನಲವತ್ತು ನಿಮಿಷದಲ್ಲಿ ಹೋಗುತ್ತದೆ, ಅದು ಎಲ್ಲಿ ಕೊಟ್ಟರೂ ಹೋಗುವುದೇ. ಆದರೆ ಸಭಾಭವನದಲ್ಲಿ ಕೇಳಲು ಐನೂರು ಜನ ಕಾಯುತ್ತಿದ್ದಾರೆ. ರಾಚೋಟೆಪ್ಪನವರು ಏಳು ವರ್ಷ ತಿರುಗಿದ್ದಾರೆ. ಅವನು ಎಣ್ಣೆಗೈ ತೊಳೆಯುತ್ತ ಕೇಳಿಸಿಕೊಂಡ.

“ಐನೂರು ಮಂದಿ ಸಿಟ್ಟಾಗತಾರ, ಮಾತಾಡತಾರ,” ಎಂದ. “ಆದ್ರ ಅವರು ಮುಂದಿನ ವರ್ಷನೂ ಇರತಾರ. ಮ್ಯಾಲ ನಿನಗ ತಿಳದಂಗ ಮಾಡು.”

ಮರುದಿನ ಮಧ್ಯಾಹ್ನ ಊಟದ ಹೊತ್ತು ಕಳೆದು ಓಣಿ ತಣ್ಣಗಾದ ಮೇಲೆ ಬಾಯಾರ ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟು, ಕೈ ತೊಳೆದು ಬಂದು ಕೂತೆ. ಅವರಿಗೆ ಏನೂ ಹೇಳಲಿಲ್ಲ. ಮೊದಲ ಭಾಗ ಮುಗಿಯಿತು. ಏಳಲಿಲ್ಲ. ಅವರಿಗೆ ಅದು ಗೊತ್ತಾಗಲಿಲ್ಲವೋ, ಉಸಿರು ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಂಡರೋ. ಎರಡನೆಯದು ನಿಧಾನದ ಭಾಗ. ಅದು ಮುಗಿದಾಗ ಕಾಲು ತಾನಾಗಿ ಏಳಲು ನೋಡಿತು. ಪೆಡಲಿನ ಮೇಲೆ ಒತ್ತಿ ಹಿಡಿದೆ.

“ತಬಿಥಾ,” ಎಂದರು ಹಿಂದಿನಿಂದ. “ಏಳು.”

ನಾನು ಮೂರನೆಯ ಭಾಗ ಶುರುಮಾಡಿದೆ.

ಆ ಮಧ್ಯಾಹ್ನದ್ದು ನನಗೆ ನೆನಪಿರುವುದು ಇಷ್ಟು. ಕುತ್ತಿಗೆಯ ಬೆವರು ಬೆನ್ನಿಗಿಳಿದು ರವಿಕೆ ಅಂಟಿತ್ತು. ಮೂವತ್ತೊಂದನೆಯ ಪುಟ ತಿರುವುವಾಗ ಅದರ ಮೂಲೆ ಹರಿಯಿತು. ಕಿಟಕಿಯಲ್ಲಿ ಕಾಗೆಯೊಂದು ಕೂತು ಹೋಯಿತು. ಕಡೆಯ ಭಾಗದ ಆ ಜಿಗಿತದಲ್ಲಿ ಒಂದು ತಪ್ಪು ಪಟ್ಟಿ ಬಿತ್ತು. ಬಿದ್ದರೆ ಬೀಳಲಿ ಎಂದು ಮುಂದೆ ಹೋದೆ. ಕೊನೆಯ ಪುಟದಲ್ಲಿ, ಇನ್ನು ನಾಲ್ಕು ಸಾಲು ಉಳಿದಾಗ ನಿಲ್ಲಿಸಬಹುದು ಎನ್ನಿಸಿತು. ನಿಲ್ಲಿಸಿದರೆ ನನ್ನಲ್ಲೇ ಉಳಿಯುತ್ತದೆ, ಬಾಯಾರಿಗೆ ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿರುತ್ತದೆ. ಆ ಹೆಚ್ಚುಕಡಿಮೆ ಎಂಬುದು ನನಗೇ ಹಿಡಿಸಲಿಲ್ಲ. ನುಡಿಸಿಬಿಟ್ಟೆ.

ಕೈಗಳು ಪಟ್ಟಿಗಳ ಮೇಲಿದ್ದವು. ಎದುರಿನ ಹಾಳೆಯನ್ನು ನೋಡಿದೆ. ಚುಕ್ಕಿಗಳು, ಗೆರೆಗಳು, ಬೆರಳಿನ ಅಂಕಿಗಳು. ಪ್ರತಿಯೊಂದರ ಹೆಸರೂ ಗೊತ್ತು. ಯಾವುದೂ ದನಿ ಮಾಡಲಿಲ್ಲ. ನೋವಾಗಲಿಲ್ಲ. ಮನೆಯ ಸಾಮಾನೆಲ್ಲ ಹೊರಗೆ ಹಾಕಿ ನೆಲ ತೊಳೆದಾಗ ಕೋಣೆ ದೊಡ್ಡದಾಗಿ ಕಾಣುತ್ತದಲ್ಲ, ಹಾಗಿತ್ತು.

ಎದ್ದು ಮಂಚದ ಹತ್ತಿರ ಹೋದೆ. ಬಾಯಾರ ಬಲಗಣ್ಣಿನಿಂದ ನೀರಿಳಿದು ಕಿವಿಯ ಹತ್ತಿರ ದಿಂಬು ತೋಯ್ದಿತ್ತು. ನನ್ನ ಕೈ ಹುಡುಕಿ ಹಿಡಿದುಕೊಂಡರು.

“ಭಾಳ ಉದ್ದ ಅದ,” ಎಂದರು. ನಿಲ್ಲಿಸಿ ನಿಲ್ಲಿಸಿ ಮುಂದುವರಿಸಿದರು. “ನುಡಿಸೋರಿಗೆ ಗೊತ್ತಾಗೂದಿಲ್ಲ. ಹಾಸಿಗಿ ಮ್ಯಾಲ ಮಲಗಿ ಕೇಳಿದ್ರ ಗೊತ್ತಾಗತದ. ಯೂನಿಸ್ ಅವತ್ತು ಒಂದು ಸಲನೂ ಕೆಮ್ಮಲಿಲ್ಲ. ಹೊತ್ತು ಹೊತ್ತಿಗೆ ರಕ್ತ ಬರೂವಂಗ ಕೆಮ್ಮತಿದ್ದಳು. ಅವತ್ತು ಇಷ್ಟೂ ಹೊತ್ತು ತಡಕೊಂಡು ಕೂತಳು. ಕೆಮ್ಮಿದ್ರ ನಾ ಎದ್ದು ಓಡತಿದ್ದೆ. ಅದು ಆಕಿಗೆ ಗೊತ್ತಿತ್ತು.”

“ಕೊಟ್ಟಾಕಿ ನಾನೊಬ್ಬಾಕಿ ಅಂತ ತಿಳಕೊಂಡಿದ್ದೆ,” ಎಂದರು.

ಸಂಗೀತ ಹೇಗಿತ್ತು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ನುಡಿಸಿ ಐದನೆಯ ದಿನ ಬೆಳಿಗ್ಗೆ ಗಂಜಿ ತರುವಷ್ಟರಲ್ಲಿ ಹೋಗಿದ್ದರು.

ನುಡಿಸಿದ ಮರುದಿನವೇ ನಾನು ಸಭಾಭವನಕ್ಕೆ ಹೋಗಿ ರಾಚೋಟೆಪ್ಪನವರಿಗೆ ವಿಷಯ ಹೇಳಿದ್ದೆ. ಅವರು ಬೆಂಚುಗಳಿಗೆ ಬಣ್ಣ ಬಳಿಸುತ್ತಿದ್ದರು. ನನ್ನ ಮಾತು ಮುಗಿಯುವವರೆಗೆ ಕೇಳಿ, ಹೌದ್ರಿ ಎಂದು ಬೆಂಚಿನ ಕಡೆ ತಿರುಗಿದರು. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ರವಿವಾರ ಜನ ತುಂಬಿದ್ದರು. ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದವರಿದ್ದರು. ನಾನೇ ವೇದಿಕೆಗೆ ಹೋಗಿ, ಸೊನಾಟಾ ನನ್ನಲ್ಲಿ ಇಲ್ಲ, ಲಿಡಿಯಾಬಾಯಿಯವರಿಗೆ ಕೊಟ್ಟೆ, ಅವರು ತೀರಿಕೊಂಡರು ಎಂದು ಹೇಳಿ ಕೈ ಮುಗಿದೆ. ಯಾರೂ ಗದ್ದಲ ಮಾಡಲಿಲ್ಲ. ಕೆಲವರು ಎದ್ದು ಹೋದರು. ಮುದುಕಿಯೊಬ್ಬಳು ಹೋಗುವಾಗ ನನ್ನ ಮುಖವನ್ನು ಹತ್ತಿರದಿಂದ ನೋಡಿ, ಸತ್ತವರಿಗೆ ಕೊಟ್ಟರೆ ಯಾರ ಬಳಿ ಉಳಿಯಿತು ತಾಯಿ ಎಂದಳು. ಉಳಿದವರು ಬೇರೆಯವರ ಅರ್ಧ ಅರ್ಧ ಹಾಡು ಕೇಳಿ ಮನೆಗೆ ಹೋದರು. ಆ ವರ್ಷ ಎರಡು ಮದುವೆಮನೆಯವರು ಹೊಲಿಗೆಯನ್ನು ಬೇರೆ ಅಂಗಡಿಗೆ ಒಯ್ದರು.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ರಾಚೋಟೆಪ್ಪನವರು ಅಂಗಡಿಗೆ ಬಂದರು. ಅಷ್ಟು ದಿನ ಓಣಿಯಲ್ಲಿ ಎದುರಾದರೂ ಮಾತಾಡಿರಲಿಲ್ಲ. ಎರಡು ಅಂಗಿಗಳ ಕಾಲರು ಸವೆದಿದ್ದವು, ತಿರುವಿ ಹಾಕಬೇಕಿತ್ತು. ಒಂದು ತಾಸಿನ ಕೆಲಸ ಎಂದೆ. ಕಾಯುತ್ತೇನೆ ಎಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ನಾನು ಹಳೆಯ ಹೊಲಿಗೆ ಬಿಚ್ಚುತ್ತಿದ್ದೆ. ಅವರು ರಸ್ತೆ ನೋಡುತ್ತ ತಮ್ಮಷ್ಟಕ್ಕೆ ಏನೋ ಗುನುಗತೊಡಗಿದರು. ಸಾವಕಾಶವಾಗಿ ಏರಿ, ಮೇಲೆ ಒಂದು ಕಡೆ ನಿಂತು ಯೋಚಿಸಿ, ಬೇರೆ ದಾರಿಯಿಂದ ಇಳಿಯುವ ರಾಗ.

ಯಾವ ಭಜನೆ ಅದು ಎಂದು ಕೇಳಿದೆ. ಅವರು ಗುನುಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ನಿಮ್ಮದ ರೀ,” ಎಂದರು. “ಎರಡನೇದು, ನಿಧಾನ ಬರತದಲ್ಲ, ಅದು.”

ಕತ್ತರಿ ಕೆಳಗಿಟ್ಟೆ. ಅವರು ನಿಧಾನವಾಗಿ ಹೇಳಿದರು. ಅಂದು ಮಧ್ಯಾಹ್ನ ಪಿಯಾನೋವನ್ನು ವೇದಿಕೆಯ ಯಾವ ಕಡೆ ಇಡಬೇಕೆಂದು ಕೇಳಲು ಬಾಯಾರ ಮನೆಗೆ ಬಂದಿದ್ದರಂತೆ. ಒಳಗೆ ಆಗಷ್ಟೇ ನುಡಿಸತೊಡಗಿದ್ದು ಕೇಳಿ, ನಾನು ಏಳುವವರೆಗೆ ಇರೋಣ ಎಂದು ಬಾಗಿಲ ಹೊರಗೆ ನಿಂತರು. ನಾನು ಏಳಲಿಲ್ಲ. ಎರಡನೆಯದೂ ಮುಗಿಯಿತು.

“ಕೈ ಎತ್ತಿದ್ದೆ ರೀ. ಬಾಗಲಾ ಬಡದಿದ್ರ ನೀವು ಎದ್ದು ಬರತಿದ್ರಿ, ಸಭಾಭವನಕ್ಕ ಉಳೀತಿತ್ತು. ಅಷ್ಟರಾಗ ಬಾಯಾರು ಏಳು ಅಂದದ್ದು ಕೇಳಿಸಿತು. ನೀವು ಏಳಲಿಲ್ಲ. ನಾ ಯಾಕ ಎಬ್ಬಿಸಲಿ ಅಂತ ಕೈ ಇಳಿಸಿದೆ.”

ಕಡೆಯವರೆಗೆ ಅಲ್ಲೇ ಬಿಸಿಲಲ್ಲಿ ನಿಂತಿದ್ದರು. ಮುಗಿದ ಮೇಲೆ ಸದ್ದಾಗದಂತೆ ಹೋದರು. ಮರುದಿನ ನಾನು ಹೇಳಲು ಬಂದಾಗ ತಾವು ಕೇಳಿದ್ದನ್ನು ಹೇಳಲು ನಾಚಿಕೆಯಾಯಿತಂತೆ. ಊರಿಗೆಲ್ಲ ತಪ್ಪಿದ್ದು ತಮಗೊಬ್ಬರಿಗೇ ಸಿಕ್ಕಿತಲ್ಲ ಎಂದು.

ಎಷ್ಟು ನೆನಪಿದೆ ಎಂದು ಕೇಳಿದೆ. ಇಷ್ಟೇ, ಉಳಿದದ್ದು ಬಹಳ ಜೋರಿನದು, ಹಿಡಿಯಲಾಗಲಿಲ್ಲ ಎಂದರು. ಇನ್ನೊಮ್ಮೆ ಅನ್ನಿರಿ ಎಂದೆ. ಅವರು ಸಂಕೋಚದಿಂದ ರಸ್ತೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೇಲಿನ ಸ್ವರಕ್ಕೆ ದನಿ ಒಡೆಯಿತು. ಹಿಂದೆ ಬಂದು ಮತ್ತೆ ಹಿಡಿದರು. ನಾನು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದೆ. ಹಿಂದೆಂದೂ ಕೇಳಿದ ರಾಗವಲ್ಲ. ಚೆನ್ನಾಗಿತ್ತು.